ಕಣ್ಣಿಗೂ ಒಂದು ಪಹಣಿ ಬೇಕು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ‘ಇಂಡಿಯಾಬ್’ ಅಧ್ಯಯನದ ಫಲಿತಾಂಶಗಳು 2023ರಲ್ಲಿ ಪ್ರಕಟವಾದವು. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಆ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ ಎಂಬ ಅದರ ಅಂದಾಜು ಸಾಕಷ್ಟು ಚರ್ಚೆಗೆ ಒಳಗಾಯಿತು. ಅನ್ನ ಉಣ್ಣಬೇಕೇ ಮುದ್ದೆ ಉಣ್ಣಬೇಕೇ, ದಿನಕ್ಕೆ ಎಷ್ಟು ದೂರ ನಡೆಯಬೇಕು, ಯಾವ ಮಾತ್ರೆ ಒಳ್ಳೆಯದು ಎಂಬ ಪ್ರಶ್ನೆಗಳು ಪತ್ರಿಕೆಗಳಲ್ಲೂ ಬೆಳಗಿನ ವಾಯುವಿಹಾರದ ಗುಂಪುಗಳಲ್ಲೂ ಮತ್ತೆ ಮತ್ತೆ ಬಂದವು. ಆದರೆ ಈ ಕಾಯಿಲೆ ಸದ್ದಿಲ್ಲದೆ ಕಿತ್ತುಕೊಳ್ಳುವ ದೃಷ್ಟಿಯ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಲಿಲ್ಲ. ಮಧುಮೇಹದಿಂದ ಕಣ್ಣು ಹೋಗುವುದನ್ನು ಬಹುಪಾಲು ತಡೆಯಬಹುದು. ಅದಕ್ಕೆ ಬೇಕಾದ ವಿದ್ಯೆ, ಉಪಕರಣ, ಚಿಕಿತ್ಸೆ ಮೂರೂ ನಮ್ಮಲ್ಲಿವೆ. ಕೊರತೆ ಇರುವುದು ಆಡಳಿತ ವ್ಯವಸ್ಥೆಯಲ್ಲಿ. ಆ ವ್ಯವಸ್ಥೆ ಹೇಗಿರಬೇಕೆಂಬುದೇ ಈ ಲೇಖನದ ವಿಷಯ.

ಮೊದಲಿಗೆ ಕಣ್ಣಿನ ಒಂದು ವಿಶೇಷವನ್ನು ಗಮನಿಸಬೇಕು. ಚರ್ಮವನ್ನು ಕೊಯ್ಯದೆ, ಸೂಜಿ ಚುಚ್ಚದೆ ದೇಹದೊಳಗಿನ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಸ್ಥಳ ಕಣ್ಣಿನ ಹಿಂಭಾಗದ ಒಳಪದರವಾದ ಅಕ್ಷಿಪಟಲ, ಅಂದರೆ ರೆಟಿನಾ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಅದನ್ನು ನೋಡುವ ಸರಳ ಉಪಕರಣವನ್ನು ಜಗತ್ತಿಗೆ ಪರಿಚಯಿಸಿದಾಗ ವೈದ್ಯರಿಗೆ ಒಂದು ಹೊಸ ಕಿಟಕಿ ತೆರೆದಂತಾಯಿತು. 1939ರಲ್ಲಿ ಅಮೆರಿಕದ ಕೀತ್, ವ್ಯಾಗನರ್ ಮತ್ತು ಬಾರ್ಕರ್ ಎಂಬ ವೈದ್ಯರು ಅಧಿಕ ರಕ್ತದೊತ್ತಡದ ರೋಗಿಗಳನ್ನು ಅಕ್ಷಿಪಟಲದ ನಾಳಗಳ ಸ್ಥಿತಿಯ ಆಧಾರದ ಮೇಲೆ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಯಾವ ವರ್ಗದವರು ಎಷ್ಟು ಕಾಲ ಬದುಕುಳಿಯುತ್ತಾರೆ ಎಂಬುದಕ್ಕೂ ಆ ಚಿಹ್ನೆಗಳಿಗೂ ಇರುವ ಸಂಬಂಧವನ್ನು ತೋರಿಸಿದರು. 1961ರಲ್ಲಿ ನೊವೊಟ್ನಿ ಮತ್ತು ಆಲ್ವಿಸ್ ರಕ್ತಕ್ಕೆ ಹೊಳೆಯುವ ಬಣ್ಣವನ್ನು ಸೇರಿಸಿ ನಾಳಗಳಲ್ಲಿ ಅದು ಹರಿಯುವುದನ್ನು ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದರು. 1991ರಲ್ಲಿ ಅಕ್ಷಿಪಟಲದ ಪದರಗಳನ್ನು ಅಡ್ಡಕೊಯ್ತದಂತೆ ಬೆಳಕಿನಿಂದಲೇ ತೋರಿಸುವ ತಂತ್ರ ಬಂತು. ಇಂದು ಒಂದು ಸಾಧಾರಣ ಮೇಜಿನ ಮೇಲೆ ಕೂರುವ, ಕೆಲವೊಮ್ಮೆ ಮೊಬೈಲ್ ಫೋನಿಗೇ ಜೋಡಿಸಬಹುದಾದ ಕ್ಯಾಮೆರಾ ಕೆಲವೇ ನಿಮಿಷಗಳಲ್ಲಿ ಈ ಚಿತ್ರವನ್ನು ತೆಗೆಯುತ್ತದೆ. ಅಂಥ ಕ್ಯಾಮೆರಾಗಳನ್ನು ವಿನ್ಯಾಸಗೊಳಿಸಿ ತಯಾರಿಸುವ ಕಂಪೆನಿಗಳು ನಮ್ಮ ಬೆಂಗಳೂರಿನಲ್ಲಿಯೇ ಇವೆ.

ಮಧುಮೇಹಿಗೆ ಈ ಚಿತ್ರ ಏಕೆ ಮುಖ್ಯ? ರಕ್ತದಲ್ಲಿ ಸಕ್ಕರೆಯ ಪ್ರಮಾಣ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಅಕ್ಷಿಪಟಲದ ಅತಿ ಸಣ್ಣ ನಾಳಗಳ ಗೋಡೆ ದುರ್ಬಲವಾಗುತ್ತದೆ. ಅಲ್ಲಲ್ಲಿ ಪುಟ್ಟ ಬುಗ್ಗೆಗಳಂತೆ ಉಬ್ಬುತ್ತದೆ; ಚಿತ್ರದಲ್ಲಿ ಅವು ಕೆಂಪು ಚುಕ್ಕೆಗಳಾಗಿ ಕಾಣುತ್ತವೆ. ಬಳಿಕ ರಕ್ತ ಒಸರುತ್ತದೆ, ಕೊಬ್ಬಿನಂಶ ಹಳದಿ ಕಲೆಗಳಾಗಿ ನಿಲ್ಲುತ್ತದೆ. ಕೆಲವು ನಾಳಗಳು ಮುಚ್ಚಿಹೋಗಿ ರಕ್ತಪೂರೈಕೆ ಕಡಿಮೆಯಾದಾಗ, ಕಣ್ಣು ಅದನ್ನು ಸರಿದೂಗಿಸಲು ಹೊಸ ನಾಳಗಳನ್ನು ಬೆಳೆಸುತ್ತದೆ. ಆದರೆ ಅವು ತೀರಾ ದುರ್ಬಲ. ಒಡೆದರೆ ಕಣ್ಣಿನೊಳಗೆ ರಕ್ತ ತುಂಬಿಕೊಳ್ಳುತ್ತದೆ, ಕೊನೆಗೆ ಅಕ್ಷಿಪಟಲವೇ ತನ್ನ ಜಾಗದಿಂದ ಕಳಚಿಕೊಳ್ಳಬಹುದು. ಇನ್ನು ಕೆಲವರಲ್ಲಿ ದೃಷ್ಟಿಯ ಕೇಂದ್ರಭಾಗದಲ್ಲೇ ನೀರು ತುಂಬಿ ಅಕ್ಷರಗಳು ಮಂಕಾಗುತ್ತವೆ.

ಈ ಪ್ರಕ್ರಿಯೆಯಲ್ಲಿ ಎರಡು ಸಂಗತಿಗಳು ನಿರ್ಣಾಯಕ. ಒಂದು, ರೋಗ ಬಹಳ ಮುಂದುವರಿಯುವವರೆಗೂ ನೋವಿಲ್ಲ, ಉರಿಯಿಲ್ಲ, ದೃಷ್ಟಿಯೂ ಚೆನ್ನಾಗಿಯೇ ಇರಬಹುದು. ಪತ್ರಿಕೆ ಸ್ಪಷ್ಟವಾಗಿ ಓದಬಲ್ಲವನ ಕಣ್ಣಿನಲ್ಲೂ ಹೊಸ ನಾಳಗಳು ಬೆಳೆಯುತ್ತಿರಬಹುದು. ಎರಡು, ಆ ಹಂತದಲ್ಲಿ ಹಿಡಿದರೆ ಚಿಕಿತ್ಸೆ ಇದೆ. ಸಕಾಲದಲ್ಲಿ ಲೇಸರ್ ಮಾಡಿದರೆ ತೀವ್ರ ದೃಷ್ಟಿನಾಶದ ಸಂಭವ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನ 1976ರಲ್ಲಿಯೇ ತೋರಿಸಿಕೊಟ್ಟಿತು. ಆನಂತರ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದುಗಳೂ ಬಂದಿವೆ. ಆದರೆ ಈ ಚಿಕಿತ್ಸೆಗಳು ಮುಖ್ಯವಾಗಿ ಇರುವ ದೃಷ್ಟಿಯನ್ನು ಉಳಿಸುತ್ತವೆ. ಒಮ್ಮೆ ಪೂರ್ತಿ ಹೋದ ದೃಷ್ಟಿಯನ್ನು ಮರಳಿ ತರುವುದು ಬಹುತೇಕ ಆಗದ ಮಾತು. ಆದ್ದರಿಂದ ದೃಷ್ಟಿ ಮಂಜಾದ ಮೇಲೆ ವೈದ್ಯರ ಬಳಿಗೆ ಹೋಗುವುದು, ಕೆರೆಯ ಏರಿ ಒಡೆದ ಮೇಲೆ ಮಣ್ಣು ಹೊರುವ ಕೆಲಸದಂತೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಕಾಣುವುದು ಬೇಡಿಕೆಯ ಸಮಸ್ಯೆ. ಹಲ್ಲುನೋವು ಬಂದವನು ತಾನಾಗಿಯೇ ವೈದ್ಯರನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ಬೇಡಿಕೆ ನೋವಿನಿಂದ ಹುಟ್ಟುತ್ತದೆ, ಮಾರುಕಟ್ಟೆ ಅದಕ್ಕೆ ಸ್ಪಂದಿಸುತ್ತದೆ. ಮಧುಮೇಹದ ಕಣ್ಣಿನ ತೊಂದರೆಯಲ್ಲಿ ಸೇವೆಯ ಅಗತ್ಯ ಅತ್ಯಂತ ಹೆಚ್ಚಾಗಿರುವ ಹೊತ್ತಿನಲ್ಲೇ ಬೇಡಿಕೆ ಶೂನ್ಯವಾಗಿರುತ್ತದೆ. ಕೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿಕೊಂಡು, ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು, ಕಣ್ಣು ಮಬ್ಬಾಗಿ ಮನೆಗೆ ಮರಳುವಾಗ ಜತೆಗೊಬ್ಬರನ್ನು ಕರೆದುಕೊಂಡು, ಏನೂ ತೊಂದರೆಯಿಲ್ಲದ ಕಣ್ಣನ್ನು ತೋರಿಸಲು ಜಿಲ್ಲಾ ಕೇಂದ್ರಕ್ಕೆ ಯಾರು ಹೋಗುತ್ತಾರೆ? ಹೋಗದಿರುವುದನ್ನು ಅಜ್ಞಾನವೆಂದು ಸುಮ್ಮನೆ ದೂರುವುದು ಸರಿಯಲ್ಲ. ಅವರ ಲೆಕ್ಕಾಚಾರದಲ್ಲಿ ಖರ್ಚು ಇಂದಿನದು ಮತ್ತು ಖಚಿತ. ಲಾಭ ಮುಂದಿನದು ಮತ್ತು ಅನಿಶ್ಚಿತ. ಇಂಥ ಸೇವೆಯನ್ನು ಮಾರುಕಟ್ಟೆಗೆ ಬಿಟ್ಟರೆ ಅದು ನಗರದ ವಿಮೆ ಇರುವವರಿಗೆ ಮಾತ್ರ ತಲುಪುತ್ತದೆ. ಸೇವೆಯೇ ಜನರ ಕಡೆಗೆ ನಡೆದುಹೋಗಬೇಕಾದ ಸಂದರ್ಭ ಇದು.

ಸಮಸ್ಯೆಯ ಗಾತ್ರವನ್ನು ಕೇಂದ್ರ ಸರ್ಕಾರದ ಸಮೀಕ್ಷೆಯೇ ಹೇಳಿದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ವರ್ಷ ದಾಟಿದ ಮಧುಮೇಹಿಗಳ ಪೈಕಿ ಶೇ 16.9ರಷ್ಟು ಮಂದಿಯ ಅಕ್ಷಿಪಟಲದಲ್ಲಿ ಕಾಯಿಲೆಯ ಗುರುತು ಕಂಡುಬಂತು, ಶೇ 3.6ರಷ್ಟು ಮಂದಿಯ ದೃಷ್ಟಿಗೇ ಅಪಾಯವಿತ್ತು. ಶೇಕಡಾವಾರು ಸಣ್ಣದಾಗಿ ಕಾಣಬಹುದು. ಅದನ್ನು ಹೋಬಳಿಯ ಮಟ್ಟಕ್ಕೆ ಇಳಿಸಿ ನೋಡೋಣ. ಒಂದು ಹೋಬಳಿಯಲ್ಲಿ ಈ ವಯಸ್ಸಿನ ಸಾವಿರ ಮಧುಮೇಹಿಗಳಿದ್ದಾರೆಂದುಕೊಂಡರೆ, ಅವರಲ್ಲಿ ಸುಮಾರು 170 ಜನರ ಮೇಲೆ ಕಣ್ಣಿಡಬೇಕು, 36 ಜನರಿಗೆ ತಡಮಾಡದೆ ತಜ್ಞರ ನೆರವು ಬೇಕು. ಉಳಿದ 830 ಜನರಿಗೆ ಸದ್ಯಕ್ಕೆ ಏನೂ ಮಾಡಬೇಕಿಲ್ಲ, ಮುಂದಿನ ವರ್ಷ ಮತ್ತೆ ಚಿತ್ರ ತೆಗೆದರೆ ಸಾಕು. ಆ 36 ಜನ ಯಾರು ಎಂದು ಕಂಡುಹಿಡಿಯುವುದೇ ಇಡೀ ಪ್ರಶ್ನೆ. ಅವರ ಮುಖ ನೋಡಿ ಹೇಳಲಾಗದು, ಅವರನ್ನೇ ಕೇಳಿದರೂ ಗೊತ್ತಾಗದು. ಸಾವಿರ ಜನರ ಚಿತ್ರ ತೆಗೆದರೆ ಮಾತ್ರ ಗೊತ್ತಾಗುತ್ತದೆ.

ಇಲ್ಲಿ ನಮ್ಮ ನೇತ್ರಸೇವೆಯ ಇತಿಹಾಸವನ್ನು ನೆನೆಯಬೇಕು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1976ರಲ್ಲಿ. ಅದರ ಮುಖ್ಯ ಗುರಿ ಕಣ್ಣಿನ ಪೊರೆ. ಅದಕ್ಕೂ ಮೊದಲೇ ನಮ್ಮ ನಾಡಿನ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ ಲಕ್ಷಾಂತರ ಜನರ ಪೊರೆ ತೆಗೆದು, ಬಡವರ ಪಾಲಿಗೆ ಬೆಳಕು ತಂದವರೆಂದು ಮನೆಮಾತಾಗಿದ್ದರು. ಆ ಪರಂಪರೆಯ ಬಗ್ಗೆ ಯಾರೂ ಹಗುರವಾಗಿ ಮಾತನಾಡಲಾರರು. ಇಂದಿಗೂ ದೇಶದಲ್ಲಿ 50 ವರ್ಷ ದಾಟಿದವರ ಅಂಧತ್ವಕ್ಕೆ ಪೊರೆಯೇ ಮೊದಲ ಕಾರಣ. ಮೇಲೆ ಹೇಳಿದ ಅವಧಿಯಲ್ಲಿ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ ಅದರ ಪಾಲು ಶೇ 66.2. ಆದ್ದರಿಂದ ಪೊರೆಯ ಶಿಬಿರಗಳು ನಡೆಯಲೇಬೇಕು.

ಆದರೆ ಶಿಬಿರದ ಯಶಸ್ಸು ನಮ್ಮ ಆಡಳಿತದ ಕಲ್ಪನೆಯನ್ನು ಶಿಬಿರಕ್ಕೇ ಕಟ್ಟಿಹಾಕಿದೆ. ಪೊರೆ ಒಂದು ಸಲದ ಕೆಲಸ. ಜನ ಬರುತ್ತಾರೆ, ಶಸ್ತ್ರಚಿಕಿತ್ಸೆ ಆಗುತ್ತದೆ, ಕನ್ನಡಕ ಸಿಗುತ್ತದೆ, ಸಂಖ್ಯೆ ವರದಿಯಾಗುತ್ತದೆ, ಕಡತ ಮುಕ್ತಾಯವಾಗುತ್ತದೆ. ಮಧುಮೇಹದ ಕಣ್ಣಿನ ಕಡತ ಮುಕ್ತಾಯವಾಗುವುದೇ ಇಲ್ಲ. ಈ ವರ್ಷ ಚೆನ್ನಾಗಿದ್ದ ಕಣ್ಣು ಎರಡು ವರ್ಷದ ನಂತರವೂ ಹಾಗೆಯೇ ಇರುತ್ತದೆಂಬ ಭರವಸೆಯಿಲ್ಲ. ವಿಶ್ವ ಮಧುಮೇಹ ದಿನದಂದು ಶಾಮಿಯಾನ ಹಾಕಿ, ಗಣ್ಯರಿಂದ ದೀಪ ಬೆಳಗಿಸಿ, ಮುನ್ನೂರು ಜನರ ಕಣ್ಣು ಪರೀಕ್ಷಿಸಿ, ತೊಂದರೆಯಿದ್ದ ಹನ್ನೆರಡು ಜನರಿಗೆ ಚೀಟಿ ಬರೆದುಕೊಟ್ಟರೆ, ಆ ಹನ್ನೆರಡರಲ್ಲಿ ಎಷ್ಟು ಜನ ಲೇಸರ್ ಮಾಡಿಸಿಕೊಂಡರು ಎಂಬುದನ್ನು ಹೇಳುವ ದಾಖಲೆ ಯಾರ ಬಳಿಯೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಪ್ರಕಟಿಸಿದ ವಿಲ್ಸನ್ ಮತ್ತು ಯುಂಗ್ನರ್ ಅವರ ವರದಿ, ಸಮುದಾಯದಲ್ಲಿ ರೋಗವನ್ನು ಮುಂಚಿತವಾಗಿ ಹುಡುಕುವ ಕಾರ್ಯಕ್ರಮಗಳಿಗೆ ಹತ್ತು ತತ್ವಗಳನ್ನು ಸೂಚಿಸಿದೆ. ಕಂಡುಬಂದ ರೋಗಕ್ಕೆ ಚಿಕಿತ್ಸೆಯ ಸೌಲಭ್ಯ ಇರಬೇಕು ಎಂಬುದು ಅವುಗಳಲ್ಲೊಂದು. ಹುಡುಕುವ ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದಾಗಿರದೆ ನಿರಂತರವಾಗಿ ನಡೆಯಬೇಕು ಎಂಬುದು ಮತ್ತೊಂದು. ನಮ್ಮ ಶಿಬಿರಗಳು ಈ ಎರಡು ತತ್ವಗಳ ಬಳಿಯೇ ಎಡವುತ್ತವೆ.

ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ಇದಕ್ಕೆ ಪರಿಹಾರ ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಈ ರಾಜ್ಯದ ಪ್ರತಿಯೊಂದು ಸರ್ವೆ ನಂಬರಿಗೂ ಒಂದು ಪಹಣಿ ಇದೆ. ಜಮೀನು ಯಾರದು, ಎಷ್ಟು ವಿಸ್ತೀರ್ಣ, ಈ ವರ್ಷ ಯಾವ ಬೆಳೆ ಎಂಬುದನ್ನು ಅದರಲ್ಲಿ ಕಾಲಕಾಲಕ್ಕೆ ನಮೂದಿಸಲಾಗುತ್ತದೆ. ಕೆರೆಯಂಚಿನ ಐದು ಗುಂಟೆಗೂ ದಾಖಲೆಯುಂಟು. ‘ಭೂಮಿ’ ಯೋಜನೆಯಡಿ ಈ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ ದೇಶವೇ ಕರ್ನಾಟಕದತ್ತ ನೋಡಿತು. ಪಹಣಿಯ ಶಕ್ತಿ ಇರುವುದು ಅದರ ಮುದ್ರಣದಲ್ಲಲ್ಲ, ಅದರ ಕಾಲಂಗಳಲ್ಲಿ. ಬೆಳೆ ಕಾಲಂ ಖಾಲಿ ಇದ್ದರೆ ಮೇಲಧಿಕಾರಿ ಕೇಳುತ್ತಾನೆ. ಕೇಳುತ್ತಾನೆ ಎಂಬುದು ಗೊತ್ತಿರುವುದರಿಂದಲೇ ಕೆಳಗಿನವರು ಹೊಲಕ್ಕೆ ಹೋಗುತ್ತಾರೆ. ವ್ಯವಸ್ಥೆಯಲ್ಲಿ ಲೋಪಗಳು ಎಷ್ಟೇ ಇರಲಿ, ಖಾಲಿ ಕಾಲಂ ಎದ್ದು ಕಾಣುತ್ತದೆ. ಭೂಮಿಗೆ ಮಾಡಿದ್ದನ್ನು ಭೂಮಿಯ ಒಡೆಯನ ಕಣ್ಣಿಗೆ ನಾವು ಇನ್ನೂ ಮಾಡಿಲ್ಲ.

ಇಂಗ್ಲೆಂಡ್ ಮಾಡಿದ್ದು ಹೆಚ್ಚು ಕಡಿಮೆ ಇದನ್ನೇ. ಅಲ್ಲಿ ಮಧುಮೇಹಿಗಳ ಕಣ್ಣಿನ ತಪಾಸಣಾ ಕಾರ್ಯಕ್ರಮ 2003ರಲ್ಲಿ ಆರಂಭವಾಗಿ ಕೆಲವೇ ವರ್ಷಗಳಲ್ಲಿ ಇಡೀ ದೇಶಕ್ಕೆ ವ್ಯಾಪಿಸಿತು. ಕುಟುಂಬ ವೈದ್ಯರ ಬಳಿ ಇರುವ ಪಟ್ಟಿಯಿಂದ 12 ವರ್ಷ ಮೇಲ್ಪಟ್ಟ ಪ್ರತಿಯೊಬ್ಬ ಮಧುಮೇಹಿಯ ಹೆಸರು ತಪಾಸಣೆಯ ದಾಖಲೆಗೆ ಬರುತ್ತದೆ. ಅವರ ಮನೆಗೆ ಆಹ್ವಾನ ಪತ್ರ ಹೋಗುತ್ತದೆ. ಬಾರದಿದ್ದರೆ ಮತ್ತೆ ಪತ್ರ ಹೋಗುತ್ತದೆ. ಚಿತ್ರ ತೆಗೆಯುವವರೂ ಅದನ್ನು ಮೊದಲು ಓದುವವರೂ ಬಹುತೇಕ ನೇತ್ರತಜ್ಞರಲ್ಲ. ಅದಕ್ಕಾಗಿಯೇ ತರಬೇತಾದ ಸಿಬ್ಬಂದಿ. ಅವರ ಓದಿನ ಗುಣಮಟ್ಟವನ್ನು ನಿಯಮಿತವಾಗಿ ಪರಿಶೀಲಿಸಲಾಗುತ್ತದೆ. ಅನುಮಾನವಿರುವ ಚಿತ್ರಗಳು ಮಾತ್ರ ತಜ್ಞರ ಮುಂದೆ ಬರುತ್ತವೆ. ಸತತವಾಗಿ ಕಾಯಿಲೆಯ ಗುರುತಿಲ್ಲದವರಿಗೆ 2023ರಿಂದ ಎರಡು ವರ್ಷಕ್ಕೊಮ್ಮೆ ತಪಾಸಣೆ ಸಾಕೆಂಬ ನಿಯಮವೂ ಬಂದಿದೆ. ಹೀಗೆ ಉಳಿದ ಶ್ರಮ ಅಪಾಯದಲ್ಲಿರುವವರಿಗೆ ದೊರೆಯುತ್ತದೆ.

ಅದರ ಫಲವೇನು? ದುಡಿಯುವ ವಯಸ್ಸಿನವರ ಅಂಧತ್ವಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕನಿಷ್ಠ ಐದು ದಶಕಗಳಿಂದ ಮಧುಮೇಹವೇ ಮೊದಲ ಕಾರಣವಾಗಿತ್ತು. 2009-10ರ ಅಂಕಿಅಂಶಗಳನ್ನು ವಿಶ್ಲೇಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅದು ಆ ಮೊದಲ ಸ್ಥಾನದಿಂದ ಕೆಳಗಿಳಿದಿರುವುದನ್ನು ತೋರಿಸಿತು. ಸಕ್ಕರೆಯ ನಿಯಂತ್ರಣ ಸುಧಾರಿಸಿದ್ದೂ ಇದಕ್ಕೆ ಕಾರಣವಿರಬಹುದು. ಶ್ರೇಯವೆಲ್ಲವನ್ನೂ ಕ್ಯಾಮೆರಾಗೆ ಕೊಡಬೇಕಿಲ್ಲ. ಆದರೆ ಮಧುಮೇಹಿಗಳ ಸಂಖ್ಯೆ ಏರುತ್ತಿದ್ದ ಕಾಲದಲ್ಲಿಯೇ ಈ ಇಳಿಕೆ ಆಯಿತೆಂಬುದು ಮುಖ್ಯ. ಅಲ್ಲಿ ಬಳಸಿದ್ದು ಅದ್ಭುತ ಯಂತ್ರವನ್ನೇನಲ್ಲ; ಒಂದು ಪಟ್ಟಿ, ಒಂದು ಪತ್ರ, ಒಂದು ಚಿತ್ರ ಮತ್ತು ಬಾರದವರ ಬೆನ್ನುಬೀಳುವ ಒಂದು ಕಚೇರಿ.

ಶ್ರೀಮಂತ ದೇಶದ ಮಾತು ನಮಗೇಕೆ ಎಂದು ಕೇಳಬಹುದು. ಹಾಗಾದರೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡೋಣ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಕೆಲವು ಶಿಶುಗಳಲ್ಲಿ ಅವು ಹುಟ್ಟಿದ ನಂತರ ಅಡ್ಡಾದಿಡ್ಡಿಯಾಗಿ ಬೆಳೆದು ಅಕ್ಷಿಪಟಲವನ್ನೇ ಎಳೆದುಬಿಡುತ್ತವೆ. ಅಮೆರಿಕದಲ್ಲಿ 1942ರಲ್ಲಿ ಮೊದಲು ವರ್ಣಿತವಾದ ಈ ರೋಗ, ನಮ್ಮಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳು ಹೆಚ್ಚಿ, ಹಿಂದೆ ಉಳಿಯದಿದ್ದ ಕೂಸುಗಳು ಉಳಿಯತೊಡಗಿದಂತೆ ಮುನ್ನೆಲೆಗೆ ಬಂತು. ಹುಟ್ಟಿದ ಮೊದಲ ತಿಂಗಳೊಳಗೆ ಕಣ್ಣು ಪರೀಕ್ಷಿಸಬೇಕು, ಚಿಕಿತ್ಸೆ ಬೇಕೆಂದು ಕಂಡರೆ ಎರಡು ಮೂರು ದಿನಗಳಲ್ಲಿ ಲೇಸರ್ ಮಾಡಬೇಕು. ತಡವಾದರೆ ಮಗು ಬಾಳಿಡೀ ಕುರುಡಾಗುತ್ತದೆ. ಇದನ್ನು ಬಲ್ಲ ತಜ್ಞರು ಬೆರಳೆಣಿಕೆಯಷ್ಟು, ಅವರೂ ಬೆಂಗಳೂರಿನಂಥ ನಗರಗಳಲ್ಲಿ, ಮಕ್ಕಳು ಜಿಲ್ಲೆಗಳಲ್ಲಿ.

ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿಣೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಆರಂಭವಾದ ‘ಕಿಡ್ರಾಪ್’ ಕಾರ್ಯಕ್ರಮ ಈ ಅಂತರವನ್ನು ಚಿತ್ರದ ಮೂಲಕ ದಾಟಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹಿಡಿದು ನಿಗದಿತ ದಿನಗಳಂದು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ, ಕೂಸಿನ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ, ಚಿತ್ರ ಅಂತರ್ಜಾಲದ ಮೂಲಕ ಬೆಂಗಳೂರಿನ ತಜ್ಞರನ್ನು ತಲುಪುತ್ತದೆ. ರಾಜ್ಯದ ಗ್ರಾಮೀಣ ಆರೋಗ್ಯ ಅಭಿಯಾನವೂ ಇದರೊಂದಿಗೆ ಕೈಜೋಡಿಸಿತು. ಇದರ ಯಶಸ್ಸಿಗೆ ಅಂತರ್ಜಾಲ ಎಷ್ಟು ಕಾರಣವೋ, ನಿಗದಿತ ದಿನ ತಪ್ಪದೆ ಹೋಗುವ ಶಿಸ್ತೂ ಅಷ್ಟೇ ಕಾರಣ. ಯಾವ ಕೂಸನ್ನು ಮತ್ತೆ ಎಂದು ನೋಡಬೇಕೆಂಬುದು ಮೊದಲ ಭೇಟಿಯಲ್ಲೇ ನಿರ್ಧಾರವಾಗುತ್ತದೆ.

ಈ ವಿಷಯದಲ್ಲಿ ನ್ಯಾಯಾಲಯದ ಮಾತೂ ಇದೆ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅವಧಿಪೂರ್ವ ಜನಿಸಿದ ಹೆಣ್ಣುಮಗುವಿನ ಕಣ್ಣನ್ನು ಸಕಾಲದಲ್ಲಿ ಪರೀಕ್ಷಿಸಲಿಲ್ಲ. ಪರೀಕ್ಷೆ ಅಗತ್ಯವೆಂದು ತಂದೆತಾಯಿಗೆ ತಿಳಿಸಲೂ ಇಲ್ಲ. ಮಗು ದೃಷ್ಟಿ ಕಳೆದುಕೊಂಡಿತು. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ನಿರ್ಲಕ್ಷ್ಯವೆಂದು ಪರಿಗಣಿಸಿ ಒಟ್ಟು ಸುಮಾರು 1.8 ಕೋಟಿ ರೂಪಾಯಿ ಪರಿಹಾರ ನಿಗದಿಪಡಿಸಿತು. ಹತ್ತೊಂಬತ್ತು ವರ್ಷಗಳ ಬಳಿಕ ಬಂದ ಆ ಹಣ ಕಣ್ಣನ್ನು ಕೊಡಲಾರದು. ನೋಡಬೇಕಾದ ಕಾಲಕ್ಕೆ ನೋಡದಿರುವುದು, ಹೇಳಬೇಕಾದವರಿಗೆ ಹೇಳದಿರುವುದು ಕೂಡ ಹಾನಿಯೇ ಎಂಬ ತತ್ವವನ್ನು ಆ ತೀರ್ಪು ಒಪ್ಪಿಕೊಂಡಿತು. ಕೂಸಿಗೆ ಅನ್ವಯಿಸುವ ಈ ತತ್ವ, ಹತ್ತು ವರ್ಷಗಳಿಂದ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಸಕ್ಕರೆ ಮಾತ್ರೆ ಒಯ್ಯುತ್ತಿರುವ ರೈತನಿಗೆ, ನೈತಿಕವಾಗಿಯಾದರೂ, ಏಕೆ ಅನ್ವಯಿಸಬಾರದು?

ಇಂದು ಈ ಚರ್ಚೆ ಎತ್ತಿದೊಡನೆ ಕೃತಕ ಬುದ್ಧಿಮತ್ತೆಯ ಹೆಸರು ಬರುತ್ತದೆ. ಅದರ ಸಾಧನೆ ನಿಜವಾದದ್ದೇ. 2016ರಲ್ಲಿ ಗೂಗಲ್ ಸಂಶೋಧಕರು 1,28,175 ಚಿತ್ರಗಳಿಂದ ತರಬೇತುಗೊಳಿಸಿದ ತಂತ್ರಾಂಶವೊಂದು ನೇತ್ರತಜ್ಞರಿಗೆ ಸರಿಸಮನಾಗಿ ಕಾಯಿಲೆಯನ್ನು ಗುರುತಿಸಬಲ್ಲದೆಂದು ತೋರಿಸಿದರು. ಆ ಕೆಲಸದಲ್ಲಿ ಮದುರೆಯ ಅರವಿಂದ್ ಮತ್ತು ಚೆನ್ನೈನ ಶಂಕರ ನೇತ್ರಾಲಯಗಳ ಪಾಲೂ ಇತ್ತು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ವೈದ್ಯರ ಓದಿಲ್ಲದೆ ತಾನೇ ಫಲಿತಾಂಶ ಹೇಳುವ ಇಂಥ ಮೊದಲ ವ್ಯವಸ್ಥೆಗೆ ಅನುಮತಿ ನೀಡಿತು. ತಜ್ಞರ ಕೊರತೆಯಿರುವ ನಮ್ಮಂಥ ದೇಶಕ್ಕೆ ಇದು ವರದಾನವಾಗಬಲ್ಲದು.

ಆದರೆ ಥಾಯ್ಲೆಂಡಿನ ಅನುಭವವನ್ನೂ ಓದಿಕೊಳ್ಳಬೇಕು. ಅಲ್ಲಿನ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಅದೇ ತಂತ್ರಾಂಶವನ್ನು ಬಳಸಿ ನೋಡಿದ ಸಂಶೋಧಕರು 2020ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಐದರಲ್ಲೊಂದಕ್ಕಿಂತ ಹೆಚ್ಚು ಚಿತ್ರಗಳನ್ನು ಸ್ಪಷ್ಟತೆ ಸಾಲದೆಂದು ಯಂತ್ರ ತಿರಸ್ಕರಿಸಿತು. ಕಾರಣ, ಕೋಣೆಯನ್ನು ಕತ್ತಲು ಮಾಡಲು ಅನುಕೂಲವಿರಲಿಲ್ಲ. ಅಂತರ್ಜಾಲ ನಿಧಾನವಾದಾಗ ಸಾಲು ಬೆಳೆಯಿತು. ಯಂತ್ರ ‘ತಜ್ಞರನ್ನು ಕಾಣಿ’ ಎಂದಾಗ, ತಜ್ಞರಿರುವ ಊರು ದೂರವೆಂಬ ಕಾರಣಕ್ಕೆ ರೋಗಿಗಳು ಅಳುಕಿದರು. ಅಂದರೆ ಪ್ರಯೋಗಾಲಯದಲ್ಲಿ ಗೆದ್ದ ಬುದ್ಧಿ, ಕಿಟಕಿಗೆ ಪರದೆಯಿಲ್ಲದ ಕೋಣೆಯಲ್ಲೂ ಬಸ್ಸಿಲ್ಲದ ಊರಿನಲ್ಲೂ ತಡವರಿಸಿತು. ಯಂತ್ರ ಚಿತ್ರವನ್ನು ಓದಬಲ್ಲದು. ಬಾರದವನನ್ನು ಕರೆತರಲಾರದು, ಲೇಸರ್ ಕೋಣೆಯ ಸರದಿಯನ್ನು ಮುಂದಕ್ಕೆ ತರಲಾರದು. ಅವು ಆಡಳಿತ ಮಾಡಬೇಕಾದ ಕೆಲಸಗಳು.

ಹಾಗಾದರೆ ಏನು ಮಾಡಬೇಕು? ಹೊಸ ಇಲಾಖೆಯಾಗಲಿ, ಹೊಸ ಹೆಸರಿನ ಯೋಜನೆಯಾಗಲಿ ಬೇಕಿಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರನ್ನು ಮಧುಮೇಹ, ರಕ್ತದೊತ್ತಡಗಳಿಗಾಗಿ ಪರೀಕ್ಷಿಸಿ ಹೆಸರು ನೋಂದಾಯಿಸುವ ವ್ಯವಸ್ಥೆ ಈಗಾಗಲೇ ಇದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ನಗರಗಳಲ್ಲಿ ‘ನಮ್ಮ ಕ್ಲಿನಿಕ್’ಗಳಿವೆ. ಮನೆಬಾಗಿಲಿನಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ‘ಆಶಾಕಿರಣ’ ಯೋಜನೆಯನ್ನು ರಾಜ್ಯ ಕೈಗೊಂಡ ಅನುಭವವೂ ಇದೆ. ಈ ಅಡಿಪಾಯದ ಮೇಲೆ ಐದು ಕೆಲಸಗಳು ಆಗಬೇಕು.

ಮೊದಲನೆಯದು, ನೋಂದಾಯಿತ ಪ್ರತಿಯೊಬ್ಬ ಮಧುಮೇಹಿಯ ದಾಖಲೆಯಲ್ಲಿ ಮೂರು ಕಾಲಂಗಳು ಕಡ್ಡಾಯವಾಗಿ ತುಂಬಿರಬೇಕು: ಅಕ್ಷಿಪಟಲದ ಚಿತ್ರ ತೆಗೆದ ದಿನಾಂಕ, ಅದರ ಫಲಿತಾಂಶ, ಮುಂದಿನ ಚಿತ್ರದ ದಿನಾಂಕ. ಎರಡನೆಯದು, ರೋಗಿ ಮಾತ್ರೆ ಒಯ್ಯಲು ಬರುವ ದಿನ ಮತ್ತು ಜಾಗದಲ್ಲಿಯೇ ಚಿತ್ರ ತೆಗೆಯಬೇಕು. ಪ್ರತಿ ಆರೋಗ್ಯ ಕೇಂದ್ರಕ್ಕೂ ಕ್ಯಾಮೆರಾ ಕೊಂಡು ಬೀರುವಿನಲ್ಲಿ ಇಡುವ ಬದಲು, ತಾಲ್ಲೂಕಿಗೆ ಒಂದೆರಡು ಕ್ಯಾಮೆರಾಗಳು ವಾರದ ನಿಗದಿತ ದಿನಗಳಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಸಂತೆಯಂತೆ ಸುತ್ತಲಿ. ಮೂರನೆಯದು, ಜಿಲ್ಲೆಗೊಂದು ಚಿತ್ರ ಓದುವ ಕೇಂದ್ರ ಇರಲಿ. ಮೊದಲ ಜರಡಿ ಯಂತ್ರದ್ದಾಗಿರಲಿ, ಎರಡನೆಯದು ತರಬೇತಾದ ನೇತ್ರಾಧಿಕಾರಿಯದು, ಕೊನೆಯ ಮಾತು ತಜ್ಞರದು. ಚಿತ್ರ ಸ್ಪಷ್ಟವಾಗಿಲ್ಲದಿದ್ದರೆ ಅದನ್ನು ‘ಸರಿಯಿದೆ’ ಎಂದು ಬರೆಯದೆ, ಪರೀಕ್ಷೆ ಆಗಿಲ್ಲ ಎಂದೇ ದಾಖಲಿಸಬೇಕು.

ನಾಲ್ಕನೆಯದು, ಕ್ಯಾಮೆರಾ ಸುತ್ತಲು ಹೊರಡುವ ಮುನ್ನ ಜಿಲ್ಲಾ ಆಸ್ಪತ್ರೆಯಲ್ಲಿ ಲೇಸರ್ ಯಂತ್ರವೂ ಅದನ್ನು ಬಳಸಬಲ್ಲ ವೈದ್ಯರೂ ಇದ್ದಾರೆಯೇ ಎಂಬುದು ಖಾತರಿಯಾಗಬೇಕು. ಸರ್ಕಾರಿ ತಜ್ಞರಿಲ್ಲದ ಕಡೆ ಖಾಸಗಿ ಮತ್ತು ದತ್ತಿ ಆಸ್ಪತ್ರೆಗಳೊಂದಿಗೆ ದರ ನಿಗದಿ ಮಾಡಿಕೊಳ್ಳಬೇಕು. ಕಾಯಿಲೆ ಇದೆಯೆಂದು ಹೇಳಿ ಚಿಕಿತ್ಸೆಗೆ ದಾರಿ ತೋರಿಸದಿರುವುದು ಹೇಳದಿರುವುದಕ್ಕಿಂತಲೂ ಕ್ರೂರ. ಐದನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದುದು, ಕಾರ್ಯಕ್ರಮದ ಅಳತೆಗೋಲು ಬದಲಾಗಬೇಕು. ಎಷ್ಟು ಚಿತ್ರ ತೆಗೆದೆವು ಎಂಬುದನ್ನು ವರದಿ ಮಾಡುವುದು ಸುಲಭ. ಗುರಿ ತಲುಪಲು ನೋಡಿದವರನ್ನೇ ಮತ್ತೆ ನೋಡಿ ಸಂಖ್ಯೆ ತುಂಬಿಸಬಹುದು. ಆ ಬದಲು, ದೃಷ್ಟಿಗೆ ಅಪಾಯವಿದೆಯೆಂದು ಕಂಡ ನೂರು ಜನರಲ್ಲಿ ಎಷ್ಟು ಮಂದಿಗೆ ಎಷ್ಟು ದಿನಗಳೊಳಗೆ ಚಿಕಿತ್ಸೆ ದೊರೆಯಿತು ಎಂಬ ಒಂದೇ ಅಂಕಿಯನ್ನು ಜಿಲ್ಲಾವಾರು ಪ್ರತಿವರ್ಷ ಪ್ರಕಟಿಸಲಿ. ಜಿಲ್ಲಾ ಪಂಚಾಯಿತಿಯ ಮಾಸಿಕ ಪರಿಶೀಲನಾ ಸಭೆಯಲ್ಲಿ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಈ ಪ್ರಶ್ನೆ ಕೇಳತೊಡಗಿದರೆ ಉಳಿದದ್ದು ತಾನಾಗಿ ನಡೆಯತೊಡಗುತ್ತದೆ.

ಇದಕ್ಕೆ ಆಕ್ಷೇಪಗಳೂ ಇವೆ. ಹಣ ಎಲ್ಲಿದೆ ಎಂಬುದು ಮೊದಲನೆಯದು. ಹಣಕಾಸು ಇಲಾಖೆಯವರು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯಬೇಕು. ಐವತ್ತರ ಆಸುಪಾಸಿನಲ್ಲಿ ಕಣ್ಣು ಕಳೆದುಕೊಂಡ ಲಾರಿ ಚಾಲಕ, ದರ್ಜಿ ಅಥವಾ ನೇಕಾರ ತನ್ನ ದುಡಿಮೆಯ ಜತೆಗೆ, ತನ್ನನ್ನು ನೋಡಿಕೊಳ್ಳುವ ಹೆಂಡತಿಯದೋ ಮಗಳದೋ ದುಡಿಮೆಯನ್ನೂ ಕಳೆಯುತ್ತಾನೆ. ಆ ನಷ್ಟ ಯಾವ ಆಯವ್ಯಯದಲ್ಲೂ ಕಾಣಿಸಿಕೊಳ್ಳುವುದಿಲ್ಲ. ಕಾಣದ ಮಾತ್ರಕ್ಕೆ ಅದು ಇಲ್ಲವೆಂದಲ್ಲ. ಅಲ್ಲದೆ ಇಲ್ಲಿ ದುಬಾರಿಯಾದದ್ದು ತಜ್ಞರ ಸಮಯ. ಸಾವಿರ ಜನರನ್ನು ತಜ್ಞರೇ ನೋಡುವ ಬದಲು ಜರಡಿ ಹಿಡಿದು ಉಳಿದವರನ್ನು ಮಾತ್ರ ಅವರು ನೋಡಿದರೆ ಅದು ಖರ್ಚಿನ ದಾರಿಗಿಂತ ಮಿಗಿಲಾಗಿ ಮಿತವ್ಯಯದ ದಾರಿ.

ಎರಡನೆಯ ಆಕ್ಷೇಪ ಖಾಸಗಿತನದ್ದು. ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಅಕ್ಷಿಪಟಲದ ಚಿತ್ರವೊಂದರಿಂದಲೇ ವ್ಯಕ್ತಿಯ ವಯಸ್ಸು, ಲಿಂಗ, ರಕ್ತದೊತ್ತಡ, ಧೂಮಪಾನದ ಅಭ್ಯಾಸಗಳನ್ನು ಯಂತ್ರ ಸಾಕಷ್ಟು ಸರಿಯಾಗಿ ಊಹಿಸಬಲ್ಲದೆಂದು 2018ರ ಸಂಶೋಧನೆಯೊಂದು ತೋರಿಸಿತು. ಹೃದಯ, ಮೂತ್ರಪಿಂಡ, ಮೆದುಳಿನ ಕಾಯಿಲೆಗಳ ಮುನ್ಸೂಚನೆಯನ್ನೂ ಕಣ್ಣಿನಿಂದ ಓದುವ ಪ್ರಯತ್ನಗಳು ನಡೆದಿವೆ. ಅವು ಕುತೂಹಲಕರ, ಆದರೆ ಅವುಗಳ ಆಧಾರದ ಮೇಲೆ ಸಾರ್ವಜನಿಕ ಕಾರ್ಯಕ್ರಮ ಕಟ್ಟುವ ಕಾಲ ಇನ್ನೂ ಬಂದಿಲ್ಲ. ಅಷ್ಟೆಲ್ಲ ಹೇಳಬಲ್ಲ ಚಿತ್ರ ವಿಮಾ ಕಂಪೆನಿಯ ಕೈಗೆ ಸಿಕ್ಕರೆ ಆಗುವ ಪರಿಣಾಮವನ್ನು ಯೋಚಿಸಬೇಕು. ಸಂಸತ್ತು 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯನ್ನು ಅಂಗೀಕರಿಸಿದೆ. ಸರ್ಕಾರ ಖಾಸಗಿ ಕಂಪೆನಿಗಳೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲಿ, ಚಿತ್ರ ರೋಗಿಯ ಚಿಕಿತ್ಸೆಗೆ ಮಾತ್ರ, ಅದರಿಂದ ಹೊಸ ತಂತ್ರಾಂಶ ಕಟ್ಟಬೇಕಾದರೆ ಪ್ರತ್ಯೇಕ ಒಪ್ಪಿಗೆ ಬೇಕು ಎಂಬ ಷರತ್ತು ಸ್ಪಷ್ಟ ಕನ್ನಡದಲ್ಲಿ ಇರಬೇಕು.

ಇನ್ನೊಂದು ಮಾತನ್ನು ಓದುಗರಿಗೂ ಹೇಳಬೇಕು. ಸಕ್ಕರೆಯ ಪ್ರಮಾಣವನ್ನು ಮೂರು ತಿಂಗಳಿಗೊಮ್ಮೆ ತಪ್ಪದೆ ಪರೀಕ್ಷಿಸಿಕೊಂಡು ಅಂಕಿಗಳನ್ನು ಡೈರಿಯಲ್ಲಿ ಬರೆದಿಡುವ ವಿದ್ಯಾವಂತರಲ್ಲೂ ಅನೇಕರು ಕಣ್ಣಿನ ಪರೀಕ್ಷೆ ಎಂದರೆ ಕನ್ನಡಕದ ನಂಬರು ನೋಡಿಸುವುದು ಎಂದೇ ತಿಳಿದಿದ್ದಾರೆ. ಕನ್ನಡಕದ ಅಂಗಡಿಯ ಪರೀಕ್ಷೆ ಬೇರೆ, ಅಕ್ಷಿಪಟಲದ ಪರೀಕ್ಷೆ ಬೇರೆ. ಮಧುಮೇಹವಿರುವವರು ವರ್ಷಕ್ಕೊಮ್ಮೆ ‘ರೆಟಿನಾ ನೋಡಿ’ ಎಂದು ಬಾಯಿಬಿಟ್ಟು ಕೇಳಬೇಕು. ನಾವು ಕೇಳಿ ಪಡೆಯಬಲ್ಲೆವು. ಕೇಳಬೇಕೆಂಬುದೇ ತಿಳಿಯದವರಿಗಾಗಿ ಸರ್ಕಾರ ಬೇಕು.

ಮುಂದಿನ ಆಯವ್ಯಯದಲ್ಲಿ ಇಡೀ ರಾಜ್ಯಕ್ಕೆ ಇದನ್ನು ಘೋಷಿಸಬೇಕೆಂದು ನಾನು ಕೇಳುತ್ತಿಲ್ಲ. ಘೋಷಣೆಗಳ ಗತಿ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಒಂದು ಹಿಂದುಳಿದ ಜಿಲ್ಲೆಯನ್ನು ಆರಿಸಿಕೊಳ್ಳಲಿ. ಅಲ್ಲಿ ನೋಂದಾಯಿತ ಮಧುಮೇಹಿಗಳೆಲ್ಲರ ದಾಖಲೆಯಲ್ಲಿ ಆ ಮೂರು ಕಾಲಂಗಳನ್ನು ತೆರೆಯಲಿ. ಮೂರು ವರ್ಷ ಬಿಡದೆ ನಡೆಸಿ, ತುಂಬಿದ ಕಾಲಂಗಳೆಷ್ಟು, ಖಾಲಿ ಉಳಿದವೆಷ್ಟು, ಲೇಸರ್ ಆದವರೆಷ್ಟು ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಲಿ. ಖಾಲಿ ಉಳಿದ ಕಾಲಂಗಳ ಸಂಖ್ಯೆಯನ್ನು ಮರೆಮಾಚದೆ ಹೇಳುವ ಜಿಲ್ಲೆ ಸಿಕ್ಕರೆ, ಉಳಿದ ಜಿಲ್ಲೆಗಳಿಗೆ ದಾರಿ ತೋರಿಸಲು ಅಷ್ಟು ಸಾಕು.